ಲೋಹದ ನ್ಯಾನೋಕಣ ಹಾಕಿದರೂ ಪ್ರೋಟೀನ್ ಹೊಳೆಯುತ್ತಿಲ್ಲವೇ? ದೋಷ ಹುಡುಕುವ ಕ್ರಮ

ಡೈ (ಬೆಳಕು ಹೀರಿ ಬೇರೆ ಬಣ್ಣದಲ್ಲಿ ಹೊಳೆಯುವ ಅಣು) ಅಂಟಿಸಿದ ಆಂಟಿಬಾಡಿ (ಹುಡುಕುವ ಪ್ರೋಟೀನನ್ನು ಗುರುತಿಸಿ ಹಿಡಿಯುವ ಪ್ರೋಟೀನ್) ಬೆಳ್ಳಿ ಅಥವಾ ಚಿನ್ನದ ನ್ಯಾನೋಕಣದ ಪಕ್ಕದಲ್ಲಿ ಕೂತರೆ ಫ್ಲೋರೆಸೆನ್ಸ್, ಅಂದರೆ ಡೈಯ ಹೊಳಪು, ಹಲವು ಪಟ್ಟು ಏರಬೇಕು, ಅತ್ಯಲ್ಪ ಪ್ರಮಾಣದ ಪ್ರೋಟೀನ್ ಕೂಡ ಕಣ್ಣಿಗೆ ಬೀಳಬೇಕು. ಇದು ಕಾಗದದ ಮೇಲಿನ ಲೆಕ್ಕ. ಮಾದರಿಗಳಿರುವ ಪ್ಲೇಟನ್ನು ಬೆಳಕು ಅಳೆಯುವ ರೀಡರ್‌ಗೆ ಇಟ್ಟಾಗ ಆಗುವುದೇ ಬೇರೆ. ಬರೀ ಗಾಜಿನ ಮೇಲೆ ಬರುತ್ತಿದ್ದಷ್ಟೇ ಬೆಳಕು ಬರುತ್ತದೆ. ಇಲ್ಲವೇ ಅದಕ್ಕಿಂತಲೂ ಮಂಕಾಗುತ್ತದೆ. ಇಲ್ಲವೇ ಜಗಮಗಿಸುತ್ತದೆ, ಆದರೆ ಆಂಟಿಜನ್ (ಹುಡುಕುತ್ತಿರುವ ಪ್ರೋಟೀನ್) ಹಾಕದ ವೆಲ್ (ಪ್ಲೇಟಿನ ಗುಳಿ) ಕೂಡ ಅಷ್ಟೇ ಜಗಮಗಿಸುತ್ತದೆ. ಮೊದಲ ಎರಡರಲ್ಲಿ ಏನೋ ತಪ್ಪಿದೆ ಎಂಬುದಾದರೂ ತಿಳಿಯುತ್ತದೆ. ಮೂರನೆಯದು ಯಶಸ್ಸಿನ ವೇಷದಲ್ಲಿ ಬರುವುದರಿಂದ ಅದನ್ನು ಹಿಡಿಯುವುದು ಕಷ್ಟ.

ಈ ಕೈಪಿಡಿ ಒಂದು ಮಾತಿನ ಮೇಲೆ ನಿಂತಿದೆ: ಬೆಳಕಿನ ತೀವ್ರತೆ ಎಂಬ ಒಂದೇ ಅಂಕಿ ನೋಡಿ ದೋಷ ಪತ್ತೆ ಮಾಡಲು ಬರುವುದಿಲ್ಲ. ತೀವ್ರತೆ ಇಳಿಯಲು ಕನಿಷ್ಠ ನಾಲ್ಕು ಕಾರಣ, ಏರಲು ಕನಿಷ್ಠ ಮೂರು ಕಾರಣ ಇರುತ್ತವೆ. ಅವನ್ನು ಬೇರ್ಪಡಿಸುವ ಎರಡನೆಯ ಅಳತೆಯೊಂದು ಜೊತೆಗಿರಲೇಬೇಕು.

ಒಳಗೆ ನಡೆಯುವುದೇನು

ಲೋಹದ ಕಣದ ಮೇಲೆ ಬೆಳಕು ಬಿದ್ದಾಗ ಅದರ ಎಲೆಕ್ಟ್ರಾನ್‌ಗಳು ಒಟ್ಟಾಗಿ ಓಲಾಡುತ್ತವೆ. ಇದೇ ಪ್ಲಾಸ್ಮಾನ್. ಅದರಿಂದ ಕಣದ ಅಂಚಿನಲ್ಲಿ ಬೆಳಕಿನ ಕ್ಷೇತ್ರ ದಟ್ಟವಾಗಿ, ಅಲ್ಲಿರುವ ಡೈ ಹೆಚ್ಚು ಫೋಟಾನ್ ಹೀರುತ್ತದೆ. ಜೊತೆಗೆ, ಹೀರಿದ್ದನ್ನು ಬೆಳಕಾಗಿ ಹೊರಹಾಕುವ ವೇಗವೂ ಹೆಚ್ಚುತ್ತದೆ. ಸುತ್ತಲಿನ ಪರಿಸರ ಬದಲಾದರೆ ಹೊರಸೂಸುವ ವೇಗ ಬದಲಾಗುತ್ತದೆ ಎಂದು ಭೌತವಿಜ್ಞಾನಿ ಪರ್ಸೆಲ್ 1946ರಲ್ಲೇ ಹೇಳಿದ್ದರು. ಸಂಶೋಧಕರಾದ ಗೆಡ್ಡೆಸ್ ಮತ್ತು ಲಾಕೋವಿಚ್ 2002ರಲ್ಲಿ ಲೋಹದಿಂದಾಗುವ ಈ ಏರಿಕೆಯನ್ನು ‘ಮೆಟಲ್ ಎನ್ಹಾನ್ಸ್ಡ್ ಫ್ಲೋರೆಸೆನ್ಸ್’ ಎಂದು ಕರೆದರು, ಆ ಹೆಸರೇ ಬಳಕೆಯಲ್ಲಿ ನಿಂತಿತು.

ತೊಂದರೆ ಎಂದರೆ ಇದೇ ಲೋಹ ಡೈಯ ಶಕ್ತಿಯನ್ನು ನುಂಗಿ ಬಿಸಿಯಾಗಿಯೂ ಕಳೆಯಬಲ್ಲದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ ಎರಡೂ ಒಟ್ಟಿಗೇ ನಡೆಯುತ್ತಿರುತ್ತವೆ. ಗೆಲ್ಲುವುದು ಯಾವುದು ಎಂಬುದನ್ನು ಅಂತರ, ಕಣದ ಗಾತ್ರ ಮತ್ತು ತರಂಗಾಂತರ ನಿರ್ಧರಿಸುತ್ತವೆ.

ಮೊದಲು ಈ ಕಂಟ್ರೋಲ್‌ಗಳು (ಹೋಲಿಕೆಯ ವೆಲ್‌ಗಳು) ಇವೆಯೇ ನೋಡಿ

ಯಾವ ರಿಪೇರಿಗೂ ಕೈಹಾಕುವ ಮುನ್ನ ಒಂದೇ ಪ್ಲೇಟಿನಲ್ಲಿ, ಒಂದೇ ದಿನ, ಇಷ್ಟು ವೆಲ್‌ಗಳು ಬೇಕು: ಲೋಹವಿದ್ದು ಎಲ್ಲವೂ ಇರುವುದು, ಲೋಹವಿಲ್ಲದೆ ಉಳಿದ ರಸಾಯನವೆಲ್ಲ ಇರುವುದು, ಲೋಹವಿದ್ದು ಆಂಟಿಜನ್ ಇಲ್ಲದ್ದು, ಲೋಹವಿದ್ದು ಡೈಯೇ ಇಲ್ಲದ್ದು. ಕೊನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. ಅರ್ಧದಷ್ಟು ಗೊಂದಲ ಬಗೆಹರಿಯುವುದು ಅದರಿಂದಲೇ.

ಲೋಹವಿಲ್ಲದ ವೆಲ್ ಎಂದರೆ ಖಾಲಿ ಪ್ಲಾಸ್ಟಿಕ್ ಅಲ್ಲ. ಬೆಳ್ಳಿಯ ಕೆಳಗೆ ಅದನ್ನು ಗಾಜಿಗೆ ಹಿಡಿಸುವ ಅಮೈನೋಸಿಲೇನ್ ಪದರ ಇದ್ದರೆ ಇಲ್ಲೂ ಅದೇ ಪದರ, ಅದೇ ಬ್ಲಾಕಿಂಗ್ (ಖಾಲಿ ಜಾಗ ಮುಚ್ಚುವ ಹಂತ), ಅದೇ ತೊಳೆತ ಇರಬೇಕು. ಇನ್ನೊಂದು ಸಣ್ಣ ಬಲೆ ರೀಡರ್‌ನ ಆಟೋ ಗೇನ್, ಅಂದರೆ ಸಿಗ್ನಲ್ ಎಷ್ಟು ಹಿಗ್ಗಿಸಬೇಕೆಂದು ಯಂತ್ರವೇ ನಿರ್ಧರಿಸುವುದು. ಲೋಹದ ಭಾಗವನ್ನೂ ಗಾಜಿನ ಭಾಗವನ್ನೂ ಬೇರೆ ಬೇರೆಯಾಗಿ ಓದಿಸಿದರೆ ಯಂತ್ರ ಎರಡಕ್ಕೂ ಬೇರೆ ಗೇನ್ ಹಾಕಿಕೊಳ್ಳುತ್ತದೆ, ಆಮೇಲೆ ಎಷ್ಟು ಪಟ್ಟು ಏರಿತು ಎಂಬ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ. ಗೇನ್ ಕೈಯಾರೆ ಕಟ್ಟಿಹಾಕಿ, ಅತಿ ಹೊಳೆಯುವ ವೆಲ್ ಡಿಟೆಕ್ಟರ್‌ನ ಮಿತಿ ಮುಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಹೊಳಪಿದೆ, ಆದರೆ ಅದು ಡೈಯದೇ?

ದೊಡ್ಡ ಕಣಗಳು ಬೆಳಕನ್ನು ಜೋರಾಗಿ ಚದುರಿಸುತ್ತವೆ. ಫಿಲ್ಟರ್ ಸ್ವಲ್ಪ ಸಡಿಲವಿದ್ದರೂ ಉತ್ತೇಜಕ ಬೆಳಕೇ (ಡೈಯನ್ನು ಹೊಳೆಯಿಸಲು ಹಾಯಿಸಿದ ಬೆಳಕು) ನುಸುಳಿ ಸಿಗ್ನಲ್ ಆಗಿ ಕೂರುತ್ತದೆ. ಡೈ ಇಲ್ಲದ ವೆಲ್‌ನ ಓದು ಡೈ ಇರುವ ವೆಲ್‌ನದಕ್ಕೆ ಹತ್ತಿರವಿದ್ದರೆ ಉಳಿದ ವಿಶ್ಲೇಷಣೆ ಬದಿಗಿಟ್ಟು ಇದನ್ನೇ ಸರಿಪಡಿಸಿ.

ಪರೀಕ್ಷೆ ಸುಲಭ. ಉತ್ತೇಜಕ ತರಂಗಾಂತರವನ್ನು 10 ನ್ಯಾನೋಮೀಟರ್ ಆಚೀಚೆ ಸರಿಸಿ ಮತ್ತೆ ಸ್ಪೆಕ್ಟ್ರಮ್ ತೆಗೆಯಿರಿ. ಡೈಯ ಶಿಖರ ಇದ್ದಲ್ಲೇ ಇರುತ್ತದೆ, ಎತ್ತರ ಮಾತ್ರ ಬದಲಾಗುತ್ತದೆ. ಚದುರಿದ ಬೆಳಕಾದರೆ ಶಿಖರವೂ ಜೊತೆಗೆ ಸರಿಯುತ್ತದೆ. ನೀರಿನ ರಾಮನ್ ಶಿಖರವೂ (ನೀರಿನ ಅಣುಗಳು ತರಂಗಾಂತರ ಬದಲಿಸಿ ಚದುರಿಸಿದ ಬೆಳಕು) ಹೀಗೆಯೇ ಸರಿಯುತ್ತದೆ. 488 ನ್ಯಾನೋಮೀಟರ್‌ನಲ್ಲಿ ಉತ್ತೇಜಿಸಿದರೆ ಅದು ಸುಮಾರು 585ರ ಹತ್ತಿರ ಕಾಣುತ್ತದೆ. ಕಿತ್ತಳೆ ಬಣ್ಣದ ಡೈ ಬಳಸುವವರು ಇದನ್ನೇ ದುರ್ಬಲ ಸಿಗ್ನಲ್ ಎಂದು ತಿಳಿಯುವ ಸಾಧ್ಯತೆ ಚೆನ್ನಾಗಿಯೇ ಇದೆ.

ಪರಿಹಾರ: ಉತ್ತೇಜನಕ್ಕೂ ಹೊರಸೂಸುವಿಕೆಗೂ ನಡುವೆ ಹೆಚ್ಚು ಅಂತರವಿರುವ ಡೈ, ಇಕ್ಕಟ್ಟಾದ ಬ್ಯಾಂಡ್‌ವಿಡ್ತ್, ಉದ್ದ ತರಂಗಾಂತರ ಮಾತ್ರ ಬಿಡುವ ಹೆಚ್ಚುವರಿ ಲಾಂಗ್‌ಪಾಸ್ ಫಿಲ್ಟರ್. ಡೈ ಇಲ್ಲದ ವೆಲ್‌ನ ಓದನ್ನು ಕಳೆದರೆ ಸಾಕು ಎನ್ನುವವರಿದ್ದಾರೆ. ಕಳೆಯಬೇಕಾದದ್ದೇ ಸಿಗ್ನಲ್‌ನಷ್ಟು ದೊಡ್ಡದಿದ್ದಾಗ ಆ ವ್ಯವಕಲನದಲ್ಲಿ ಉಳಿಯುವುದು ಗದ್ದಲ ಮಾತ್ರ.

ದ್ರಾವಣದಲ್ಲಿ ಮಂಕಾಗಿದೆ: ಬಣ್ಣವೇ ಅಡ್ಡ ಬಂದಿರಬಹುದು

ಕಣಗಳನ್ನು ನೇರವಾಗಿ ದ್ರಾವಣಕ್ಕೆ ಹಾಕಿ ಕ್ಯುವೆಟ್‌ನಲ್ಲಿ ಅಳೆಯುವವರು ಕ್ವೆಂಚಿಂಗ್ (ಲೋಹ ಡೈಯ ಹೊಳಪು ಆರಿಸುವುದು) ಎಂದು ತೀರ್ಮಾನಿಸುವ ಮೊದಲು ಕಣಗಳ ಬೆಳಕಿನ ಹೀರಿಕೆಯನ್ನು (ಅಬ್ಸಾರ್ಬೆನ್ಸ್) ನೋಡಬೇಕು. 20 ನ್ಯಾನೋಮೀಟರ್ ಚಿನ್ನದ ಕಣದ ಮೋಲಾರ್ ಹೀರಿಕೆ ಗುಣಾಂಕ ಸುಮಾರು 10ರ ಘಾತ 9ರ ಆಸುಪಾಸಿನಲ್ಲಿದೆ. ಒಳ್ಳೆಯ ಡೈಯದು 10ರ ಘಾತ 5ರ ಮಟ್ಟದಲ್ಲಿ. ಅಂದರೆ ಒಂದೇ ಒಂದು ನ್ಯಾನೋಮೋಲಾರ್ ಕಣ ಇದ್ದರೂ ಒಂದು ಸೆಂಟಿಮೀಟರ್ ದಾರಿಯಲ್ಲಿ ಹೀರಿಕೆ 1ಕ್ಕೆ ಹತ್ತಿರ ಬರುತ್ತದೆ. ಬೆಳಕು ಡೈಯನ್ನು ಮುಟ್ಟುವ ಮುನ್ನವೇ ಕಣಗಳಿಗೆ ಬಲಿಯಾಗುತ್ತದೆ, ಡೈ ಸೂಸಿದ್ದೂ ಹೊರಬರುವ ದಾರಿಯಲ್ಲಿ ಕರಗುತ್ತದೆ.

ಸಾಮಾನ್ಯ ತಿದ್ದುಪಡಿ ಹೀಗೆ: ಉತ್ತೇಜಕ ಮತ್ತು ಹೊರಸೂಸುವ ತರಂಗಾಂತರಗಳ ಹೀರಿಕೆ ಕೂಡಿಸಿ, ಅರ್ಧ ಮಾಡಿ, 10ನ್ನು ಆ ಘಾತಕ್ಕೆ ಏರಿಸಿ, ಬಂದದ್ದರಿಂದ ಓದನ್ನು ಗುಣಿಸಿ. ಹೀರಿಕೆಗಳು 0.6 ಮತ್ತು 0.9 ಎಂದಿಟ್ಟುಕೊಂಡರೆ ಗುಣಕ ಸುಮಾರು 5.6. ಅಂದರೆ ಡೈ ಚೂರೂ ಕ್ವೆಂಚ್ ಆಗದೆಯೇ ಐದೂವರೆ ಪಟ್ಟು ಮಂಕಾಗಿ ಕಾಣುತ್ತದೆ. ಇಷ್ಟು ದೊಡ್ಡ ತಿದ್ದುಪಡಿಯನ್ನು ನಾನಂತೂ ನಂಬುವುದಿಲ್ಲ. ಕಣಗಳನ್ನು ತೆಳುವಾಗಿಸಿ ಹೀರಿಕೆ 0.1ರ ಕೆಳಗೆ ತಂದು ಮತ್ತೆ ಅಳೆಯುವುದು ಒಳಿತು. ತೆಳುವಾಗಿಸಿದಾಗ ಒಂದು ಕಣಕ್ಕೆ ಬರುವ ಬೆಳಕು ಹೆಚ್ಚಿದರೆ ಅಪರಾಧಿ ಸಿಕ್ಕಂತೆ.

ಅಂತರ: ನಿಜವಾದ ಕ್ವೆಂಚಿಂಗ್ ಇಲ್ಲೇ

ಡೈ ಲೋಹಕ್ಕೆ ತಾಗಿಕೊಂಡಿದ್ದರೆ ಆರಿಹೋಗುತ್ತದೆ, ತೀರಾ ದೂರವಿದ್ದರೆ ಲೋಹ ಇದ್ದೂ ಇಲ್ಲದಂತೆ. ಒಂದೇ ಅಣುವನ್ನು 80 ನ್ಯಾನೋಮೀಟರ್ ಚಿನ್ನದ ಕಣದ ಹತ್ತಿರಕ್ಕೆ ತರುತ್ತಾ ಅಳೆದ ಪ್ರಯೋಗವೊಂದು 2006ರಲ್ಲಿ ಪ್ರಕಟವಾಯಿತು. ಬೆಳಕು ಮೊದಲು ಏರಿ, ಸುಮಾರು 5 ನ್ಯಾನೋಮೀಟರ್‌ನಲ್ಲಿ ಶಿಖರ ಮುಟ್ಟಿ, ಅಲ್ಲಿಂದ ಒಳಕ್ಕೆ ಹೋದಂತೆ ಕುಸಿಯಿತು. ಪ್ರೋಟೀನ್ ಪತ್ತೆಯ ಕೆಲಸದಲ್ಲಿ ಸಾಮಾನ್ಯವಾಗಿ 5ರಿಂದ 15 ನ್ಯಾನೋಮೀಟರ್ ಒಳ್ಳೆಯ ಜಾಗ. 30 ದಾಟಿದರೆ ಹೆಚ್ಚು ನಿರೀಕ್ಷೆ ಬೇಡ.

ಈಗ ನಿಮ್ಮ ಪದರಗಳನ್ನು ಕೂಡಿಸಿ. ಐಜಿಜಿ ಎಂಬ ಸಾಮಾನ್ಯ ಬಗೆಯ ಆಂಟಿಬಾಡಿಯ ಉದ್ದಗಲ 10 ನ್ಯಾನೋಮೀಟರ್‌ಗಿಂತ ತುಸು ಹೆಚ್ಚು. ಜೋಡಣೆಗೆ ಬಳಸುವ ಸ್ಟ್ರೆಪ್ಟಾವಿಡಿನ್ ಪ್ರೋಟೀನ್ ಸುಮಾರು 5. ಸ್ಯಾಂಡ್‌ವಿಚ್ ವಿಧಾನದಲ್ಲಿ ಕೆಳಗಿನ ಆಂಟಿಬಾಡಿ, ಅದರ ಮೇಲೆ ಆಂಟಿಜನ್, ಅದರ ಮೇಲೆ ಡೈ ಹೊತ್ತ ಎರಡನೆಯ ಆಂಟಿಬಾಡಿ ಬರುತ್ತದೆ. ಎಲ್ಲವೂ ನೆಟ್ಟಗೆ ನಿಂತರೆ ಡೈ ಲೋಹದಿಂದ 15ರಿಂದ 25 ನ್ಯಾನೋಮೀಟರ್ ದೂರದಲ್ಲಿರುತ್ತದೆ. ಅಂದರೆ ಸ್ಯಾಂಡ್‌ವಿಚ್‌ನಲ್ಲಿ ಪ್ರೋಟೀನ್‌ಗಳೇ ಸಾಕಷ್ಟು ಅಂತರ ಕೊಡುತ್ತವೆ. ಇದರ ಕೆಳಗೆ ಮತ್ತೆ 10 ನ್ಯಾನೋಮೀಟರ್ ಸಿಲಿಕಾ ಹೊದಿಸುವುದು ಕೈಯಾರೆ ಸಿಗ್ನಲ್ ಕಳೆದುಕೊಳ್ಳುವ ಕೆಲಸ. ಅದೇ, ಡೈ ಅಂಟಿಸಿದ ಆಂಟಿಜನ್ನನ್ನೇ ಲೋಹದ ಮೇಲೆ ನೇರವಾಗಿ ಕೂರಿಸುವ ವಿಧಾನದಲ್ಲಿ ಅಂತರ ಸಾಲದು, ಅಲ್ಲಿ ಸಿಲಿಕಾ ಅಥವಾ ಪಾಲಿಎಲೆಕ್ಟ್ರೋಲೈಟ್ (ವಿದ್ಯುದಾವೇಶವುಳ್ಳ ಪಾಲಿಮರ್) ಪದರ ಬೇಕೇ ಬೇಕು. ‘ಸ್ಪೇಸರ್ (ಅಂತರ ಕೊಡುವ ಪದರ) ಹಾಕಿ’ ಎಂಬ ಸಲಹೆಯನ್ನು ಎಲ್ಲರೂ ಎಲ್ಲರಿಗೂ ಕೊಡುತ್ತಾರೆ. ಮೊದಲು ಕೂಡಿಸಿ ನೋಡಿ, ಆಮೇಲೆ ಹಾಕಿ.

ಒಣಗಿಸಿ ಓದುವವರಿಗೆ ಒಂದು ಮಾತು. ನೀರು ಹೋದಾಗ ಪ್ರೋಟೀನ್ ಪದರ ಕುಗ್ಗುತ್ತದೆ, ಅಂತರವೂ ಕುಗ್ಗುತ್ತದೆ, ಡೈಯ ಪರಿಸರವೂ ಬದಲಾಗುತ್ತದೆ. ಒದ್ದೆಯಿದ್ದಾಗ ಸರಿಯಿದ್ದದ್ದು ಒಣಗಿದ ಮೇಲೆ ಮಂಕಾದರೆ ಅಚ್ಚರಿಪಡಬೇಕಿಲ್ಲ.

ಕಣ ಮತ್ತು ಡೈ ಜೋಡಿ ತಪ್ಪಿದ್ದರೆ

ಫ್ಲೋರೆಸೀನ್ ಎಂಬ ಹಸಿರು ಡೈ ಜೊತೆ 15–20 ನ್ಯಾನೋಮೀಟರ್ ಚಿನ್ನ ಬಳಸಿ ಏರಿಕೆ ನಿರೀಕ್ಷಿಸುವುದು ಅತಿ ಸಾಮಾನ್ಯ ತಪ್ಪು ಜೋಡಿ. ಸಣ್ಣ ಚಿನ್ನದ ಕಣ ಬಹುತೇಕ ಹೀರುತ್ತದೆ, ಚದುರಿಸುವುದು ಅತ್ಯಲ್ಪ. ಹೀರಿಕೆ ಕಣದ ಗಾತ್ರಫಲಕ್ಕೆ ಅನುಗುಣವಾಗಿ ಬೆಳೆದರೆ ಚದುರಿಕೆ ಗಾತ್ರಫಲದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಆದ್ದರಿಂದ ವರ್ಧನೆ ಬೇಕಾದವರು ದೊಡ್ಡ ಕಣದತ್ತ, 50ರಿಂದ 100 ನ್ಯಾನೋಮೀಟರ್‌ನತ್ತ ನೋಡಬೇಕು. ಜೊತೆಗೆ, ಸುಮಾರು 520 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದಲ್ಲಿ ಚಿನ್ನ ಪ್ಲಾಸ್ಮಾನ್ ಇಲ್ಲದೆಯೂ ಬೆಳಕನ್ನು ನುಂಗುತ್ತದೆ. ಹಸಿರು ಡೈಗಳಿಗೆ ಬೆಳ್ಳಿ, ಕೆಂಪು ಮತ್ತು ಅದರಾಚೆಗಿನ ಡೈಗಳಿಗೆ ಚಿನ್ನ ಅಥವಾ ಬೆಳ್ಳಿ ಎಂದು ಹಿಡಿದರೆ ದಾರಿ ತಪ್ಪುವುದು ಕಡಿಮೆ. ಡೈಯೇ ಇಲ್ಲದೆ, ಪ್ರೋಟೀನ್‌ನಲ್ಲೇ ಇರುವ ಟ್ರಿಪ್ಟೋಫಾನ್‌ನ ನೇರಳಾತೀತ ಬೆಳಕನ್ನು ಹೆಚ್ಚಿಸಬೇಕೆಂದರೆ ಇವೆರಡನ್ನೂ ಬಿಟ್ಟು ಅಲ್ಯೂಮಿನಿಯಂಗೆ ಹೋಗಬೇಕು.

ಪ್ಲಾಸ್ಮಾನ್ ಶಿಖರ ಡೈ ಸೂಸುವ ತರಂಗಾಂತರಕ್ಕಿಂತ ತುಸು ಕಡಿಮೆಯಲ್ಲಿದ್ದರೆ ಫಲಿತಾಂಶ ಚೆನ್ನಾಗಿರುತ್ತದೆ. ಆ ಶಿಖರವನ್ನು ಕಣಗಳು ಬಫರ್‌ನಲ್ಲಿ (ಪಿಎಚ್ ಕಾಯುವ ದ್ರಾವಣ) ಮುಳುಗಿರುವಾಗ ಅಳೆಯಿರಿ. ಗಾಳಿಯಲ್ಲಿ ಅಳೆದ ಲೋಹದ ಫಿಲ್ಮ್‌ನ ಶಿಖರ ನೀರಿಗೆ ಬಂದಾಗ ಕೆಂಪಿನತ್ತ ಸರಿಯುತ್ತದೆ, ಆ ಸರಿತ ಹತ್ತಾರು ನ್ಯಾನೋಮೀಟರ್ ಇರಬಹುದು.

ಇನ್ನು ನಿರೀಕ್ಷೆಯ ವಿಷಯ. ಫ್ಲೋರೆಸೀನ್ ಕ್ಷಾರೀಯ ದ್ರಾವಣದಲ್ಲಿ ಹೀರಿದ ಫೋಟಾನ್‌ಗಳಲ್ಲಿ ಶೇಕಡ 90ಕ್ಕೂ ಹೆಚ್ಚನ್ನು ಈಗಾಗಲೇ ಬೆಳಕಾಗಿ ಕೊಡುತ್ತಿದೆ. ಅದರ ದಕ್ಷತೆ ಹೆಚ್ಚಿಸಲು ಲೋಹಕ್ಕೆ ಜಾಗವೇ ಇಲ್ಲ, ಏರಿಕೆ ಬರುವುದಿದ್ದರೆ ಉತ್ತೇಜನೆಯ ಕಡೆಯಿಂದ ಮಾತ್ರ. ದಕ್ಷತೆ ಕಡಿಮೆಯಿರುವ ಸೈ-3, ಇಂಡೋಸಯನೈನ್ ಗ್ರೀನ್‌ನಂಥ ಡೈಗಳಲ್ಲಿ ಎರಡೂ ಕಡೆಯಿಂದ ಲಾಭವಿದೆ. ಬೇರೆಯವರ ವರದಿಯಲ್ಲಿ ದೊಡ್ಡ ಏರಿಕೆ ಕಂಡು ‘ನಮಗೇಕೆ ಬರುತ್ತಿಲ್ಲ’ ಎಂದು ಕೊರಗುವ ಮುನ್ನ ಅವರ ಡೈ ಯಾವುದು ಎಂದು ನೋಡಿ. ಫ್ಲೋರೆಸೀನ್‌ಗೆ ಇನ್ನೊಂದು ಖಾಯಿಲೆಯೂ ಇದೆ: ಪಿಎಚ್ 7ಕ್ಕಿಂತ ಕೆಳಗಿಳಿದರೆ ಲೋಹದ ಸಂಬಂಧವೇ ಇಲ್ಲದೆ ಮಂಕಾಗುತ್ತದೆ.

ಕಣಗಳು ಮುದ್ದೆಯಾಗಿದ್ದರೆ

ಸಿಟ್ರೇಟ್ ಹೊದಿಕೆಯ ಚಿನ್ನದಲ್ಲಿ ಇದನ್ನು ಕಣ್ಣಲ್ಲೇ ಹಿಡಿಯಬಹುದು. ಚೆನ್ನಾಗಿರುವ ದ್ರಾವಣ ಮಾಣಿಕ್ಯದಂತೆ ಕೆಂಪು. ಆಂಟಿಬಾಡಿ ಸಾಲದೆ ಹೋದ ಟ್ಯೂಬಿಗೆ ಉಪ್ಪು ಬಿದ್ದ ಕೂಡಲೇ ಕೆಂಪು ನೇರಳೆಗೆ ತಿರುಗಿ, ಆಮೇಲೆ ಬೂದು ನೀಲಿಯಾಗಿ, ಕೆಲ ಹೊತ್ತಿನಲ್ಲಿ ತಳದಲ್ಲಿ ಕಪ್ಪು ಗಸಿ ಕೂರುತ್ತದೆ. ಸ್ಪೆಕ್ಟ್ರೋಮೀಟರ್‌ನಲ್ಲಾದರೆ 520ರ ಶಿಖರ ತಗ್ಗಿ, 620ರ ಆಚೆ ಬಾಲ ಬೆಳೆಯುತ್ತದೆ. 620ರ ಹೀರಿಕೆಯನ್ನು 520ರದರಿಂದ ಭಾಗಿಸಿದ ಅಂಕಿಯನ್ನು ಪ್ರತಿ ಹಂತದಲ್ಲೂ ಬರೆದಿಡಿ. ಯಾವ ಹಂತದಲ್ಲಿ ಅದು ಜಿಗಿಯಿತೋ ಅಲ್ಲೇ ಕೈ ತಪ್ಪಿದೆ.

ಆಂಟಿಬಾಡಿ ಎಷ್ಟು ಬೇಕೆಂದು ತಿಳಿಯಲು ಹಳೆಯ ವಿಧಾನವೇ ಸಾಕು. ಒಂದೇ ಅಳತೆಯ ಚಿನ್ನವನ್ನು ಸಾಲು ಟ್ಯೂಬುಗಳಿಗೆ ಹಾಕಿ, ಏರುವ ಪ್ರಮಾಣದಲ್ಲಿ ಆಂಟಿಬಾಡಿ ಸೇರಿಸಿ, ಸ್ವಲ್ಪ ಕಾದು, ಶೇಕಡ 10ರ ಉಪ್ಪಿನ ದ್ರಾವಣ ಬಿಡಿ. ಕೆಂಪಾಗಿ ಉಳಿದ ಮೊದಲ ಟ್ಯೂಬಿನ ಪ್ರಮಾಣಕ್ಕಿಂತ ತುಸು ಹೆಚ್ಚು ತೆಗೆದುಕೊಳ್ಳಿ. ಪಿಎಚ್ ಆಂಟಿಬಾಡಿಯ ಐಸೋಎಲೆಕ್ಟ್ರಿಕ್ ಬಿಂದುವಿನ (ಒಟ್ಟು ವಿದ್ಯುದಾವೇಶ ಸೊನ್ನೆಯಾಗುವ ಪಿಎಚ್) ಹತ್ತಿರ ಅಥವಾ ತುಸು ಮೇಲಿರಲಿ. ಆಂಟಿಬಾಡಿ ಸ್ಟಾಕ್‌ನಲ್ಲೇ ಉಪ್ಪು ಇದ್ದರೆ ಡಯಾಲಿಸಿಸ್ ಮಾಡಿ ಅದನ್ನು ತೆಗೆಯದೆ ಈ ಪರೀಕ್ಷೆಗೆ ಇಳಿಯಬೇಡಿ. ಸೆಂಟ್ರಿಫ್ಯೂಜ್ ವೇಗ ಅತಿಯಾಗಿ, ತಳದ ಗುಳಿಗೆ ಮತ್ತೆ ಕರಗದೆ ಗೋಡೆಗೆ ಕಪ್ಪಾಗಿ ಅಂಟಿಕೊಂಡಿದ್ದರೆ ಆ ಬ್ಯಾಚ್ ಕೈಬಿಡಿ.

ಬೆಳ್ಳಿ ಸಾಯುತ್ತದೆ

ಬೆಳ್ಳಿಯ ಫಿಲ್ಮ್‌ಗಳಲ್ಲಿ ಅರ್ಧ ದೋಷ ಬಫರ್‌ನದ್ದು. ಪಿಬಿಎಸ್‌ನಲ್ಲಿ (ಫಾಸ್ಫೇಟ್ ಮತ್ತು ಉಪ್ಪಿನ ಬಫರ್) ಲೀಟರ್‌ಗೆ ಸುಮಾರು 137 ಮಿಲಿಮೋಲ್ ಸೋಡಿಯಂ ಕ್ಲೋರೈಡ್ ಇದೆ. ಕ್ಲೋರೈಡ್ ಮತ್ತು ಕರಗಿದ ಆಮ್ಲಜನಕ ಸೇರಿ ಬೆಳ್ಳಿಯನ್ನು ನಿಧಾನವಾಗಿ ಬೆಳ್ಳಿ ಕ್ಲೋರೈಡ್ ಮಾಡುತ್ತವೆ. ಹಳದಿ ಛಾಯೆಯ ಫಿಲ್ಮ್ ಬಿಳುಚಿ ಬೂದಾಗುತ್ತದೆ, ಪ್ಲಾಸ್ಮಾನ್ ಶಿಖರ ಚಪ್ಪಟೆಯಾಗುತ್ತದೆ. ಒಂದು ಗಾಜನ್ನು ಪ್ರೋಟೀನ್ ಏನೂ ಹಾಕದೆ ಬರೀ ಬಫರ್‌ನಲ್ಲಿ, ಪ್ರಯೋಗದಷ್ಟೇ ಹೊತ್ತು ನೆನೆಸಿ, ಮುಂಚಿನ ಮತ್ತು ನಂತರದ ಸ್ಪೆಕ್ಟ್ರಮ್ ಒಂದರ ಮೇಲೊಂದಿಟ್ಟು ನೋಡಿ. ಇಳಿದಿದ್ದರೆ ಬಫರ್ ಬದಲಿಸಿ. ಟ್ರಿಸ್ ಬಫರ್‌ಗೆ ಹೋದರೆ ಸಾಕು ಎಂದುಕೊಳ್ಳಬೇಡಿ: ಅದರ ಪಿಎಚ್ ಹೈಡ್ರೋಕ್ಲೋರಿಕ್ ಆಮ್ಲದಿಂದ ಸರಿಮಾಡಿದ್ದರೆ ಅಲ್ಲೂ ಕ್ಲೋರೈಡ್ ಇದೆ. ಕ್ಲೋರೈಡ್ ಇಲ್ಲದ ಫಾಸ್ಫೇಟ್ ಅಥವಾ ಬೋರೇಟ್, ಉಪ್ಪು ಬೇಕಿದ್ದರೆ ಸೋಡಿಯಂ ನೈಟ್ರೇಟ್ ಬಳಸಿ.

ಸ್ಪೆಕ್ಟ್ರಮ್‌ನ ಆಕಾರ ಹಾಗೇ ಇದ್ದು ಎತ್ತರ ಮಾತ್ರ ಪ್ರತಿ ತೊಳೆತದಲ್ಲೂ ಇಳಿಯುತ್ತಿದ್ದರೆ ಬೆಳ್ಳಿ ಕೆಡುತ್ತಿಲ್ಲ, ಕಿತ್ತು ಹೋಗುತ್ತಿದೆ. ಸಿಲೇನ್ ಪದರ ಹಳೆಯದಾಗಿರಬಹುದು, ಇಲ್ಲವೇ ಗಾಜು ಸರಿಯಾಗಿ ಶುಚಿಯಾಗಿಲ್ಲ. ಡಿಟಿಟಿ, ಮರ್ಕಾಪ್ಟೋಎಥನಾಲ್‌ನಂಥ ಥಯಾಲ್‌ಗಳು (ಗಂಧಕದ ಮೂಲಕ ಲೋಹಕ್ಕೆ ಅಂಟುವ ರಾಸಾಯನಿಕಗಳು) ಬಫರ್‌ನಲ್ಲಿದ್ದರೆ ಮೇಲಿನ ಪದರವನ್ನೇ ಪಕ್ಕಕ್ಕೆ ತಳ್ಳಿ ತಾವು ಕೂರುತ್ತವೆ. ಕೆಡದಂತೆ ಸೋಡಿಯಂ ಅಜೈಡ್ ಹಾಕಿದ ಆಂಟಿಬಾಡಿಗಳನ್ನು ಬೆಳ್ಳಿಯ ಹತ್ತಿರ ತರುವ ಮೊದಲು ಅಜೈಡ್ ತೆಗೆಯಿರಿ. ಒಣ ಬೆಳ್ಳಿ ಅಜೈಡ್ ಸ್ಫೋಟಕ.

ಖಾಲಿ ವೆಲ್ ಕೂಡ ಹೊಳೆಯುತ್ತಿದೆ

ಪತ್ತೆಯ ಮಿತಿ ನಿಂತಿರುವುದು ಖಾಲಿ ವೆಲ್‌ನ (ಆಂಟಿಜನ್ ಇಲ್ಲದ್ದರ) ಸರಾಸರಿ ಮತ್ತು ಅದರ ಏರಿಳಿತದ ಮೇಲೆ. ಸಿಗ್ನಲ್ 10 ಪಟ್ಟು ಏರಿ, ಖಾಲಿ ವೆಲ್ ಮತ್ತು ಅದರ ಏರಿಳಿತ ಕೂಡ 10 ಪಟ್ಟು ಏರಿದರೆ ಸಾಧಿಸಿದ್ದು ಸೊನ್ನೆ. ಲೋಹ ತನ್ನ ಹತ್ತಿರ ಬಂದ ಯಾವ ಡೈಯನ್ನಾದರೂ ಹೊಳೆಸುತ್ತದೆ. ಅದು ಆಂಟಿಜನ್ ಹಿಡಿದು ಬಂದದ್ದೋ, ಸುಮ್ಮನೆ ಅಂಟಿಕೊಂಡದ್ದೋ ಅದಕ್ಕೆ ಗೊತ್ತಿಲ್ಲ. ಬ್ಲಾಕಿಂಗ್ ಸಮಯ ಹೆಚ್ಚಿಸಿ, ತೊಳೆಯುವ ಬಫರ್‌ಗೆ ಅಲ್ಪ ಟ್ವೀನ್-20 ಡಿಟರ್ಜೆಂಟ್ ಸೇರಿಸಿ. ಮುಖ್ಯವಾಗಿ, ಡೈ ಅಂಟಿಸಿದ ಆಂಟಿಬಾಡಿಯಿಂದ ಬಿಡಿ ಡೈ ಪೂರ್ತಿ ಹೋಗಿದೆಯೇ ಎಂದು ಜೆಲ್ ಓಡಿಸಿ ನೋಡಿ. ಮುಂದೆ ಓಡುವ ಹೊಳೆಯುವ ಪಟ್ಟಿ ಕಂಡರೆ ಶುದ್ಧೀಕರಣದ ಕಾಲಂ ಮೂಲಕ ಮತ್ತೆ ಹಾಯಿಸಬೇಕು.

ಏರಿದ್ದು ನಿಜವೇ, ಹೆಚ್ಚು ಪ್ರೋಟೀನ್ ಕೂತಿದೆಯೇ?

ಉಬ್ಬುತಗ್ಗಿನ ಲೋಹದ ಮೇಲೆ ನುಣುಪು ಗಾಜಿಗಿಂತ ಹೆಚ್ಚು ಪ್ರೋಟೀನ್ ಹಿಡಿಸುತ್ತದೆ. ಮೂರು ಪಟ್ಟು ಆಂಟಿಬಾಡಿ ಕೂತರೆ ಮೂರು ಪಟ್ಟು ಬೆಳಕು ಬರುವುದರಲ್ಲಿ ಪ್ಲಾಸ್ಮಾನ್‌ನ ಪಾತ್ರವೇನೂ ಇಲ್ಲ. ಇಲ್ಲೇ ಎರಡನೆಯ ಅಳತೆ ಬೇಕಾಗುವುದು. ಡೈ ಹೊಳೆದು ಆರುವ ಕಾಲ, ಅಂದರೆ ಲೈಫ್‌ಟೈಮ್, ಅಳೆಯಲು ಸಾಧ್ಯವಿದ್ದರೆ ಓದು ಹೀಗೆ:

- ಬೆಳಕು ಏರಿದೆ, ಲೈಫ್‌ಟೈಮ್ ಇಳಿದಿದೆ: ಲೋಹದ ವರ್ಧನೆ.
- ಎರಡೂ ಇಳಿದಿವೆ: ಕ್ವೆಂಚಿಂಗ್. ಅಂತರ, ಗಾತ್ರ, ಜೋಡಿ ನೋಡಿ.
- ಬೆಳಕು ಇಳಿದಿದೆ, ಲೈಫ್‌ಟೈಮ್ ಹಾಗೇ ಇದೆ: ಕಣಗಳ ಬಣ್ಣ ಅಡ್ಡ ಬಂದಿದೆ, ಇಲ್ಲವೇ ಡೈ ಕೂತಿಲ್ಲ.
- ಬೆಳಕು ಏರಿದೆ, ಲೈಫ್‌ಟೈಮ್ ಹಾಗೇ ಇದೆ: ಬಹುತೇಕ ಹೆಚ್ಚು ಡೈ ಕೂತಿದೆ.

ಮೊದಲ ಸಾಲನ್ನು ಕಂಡು ಹಿಗ್ಗುವ ಮುನ್ನ ಒಂದು ಎಚ್ಚರಿಕೆ. ಚದುರಿದ ಬೆಳಕಿಗೆ ಲೈಫ್‌ಟೈಮ್ ಸೊನ್ನೆ. ಅದು ನುಸುಳಿದರೂ ‘ಬೆಳಕು ಏರಿತು, ಲೈಫ್‌ಟೈಮ್ ಇಳಿಯಿತು’ ಎಂದೇ ಕಾಣುತ್ತದೆ. ಚದುರಿಕೆಯ ಪರೀಕ್ಷೆಯನ್ನು ಈ ಕ್ರಮದಲ್ಲಿ ಮೊದಲೇ ಇಟ್ಟದ್ದು ಅದಕ್ಕೇ. ಲೋಹದ ಬಳಿ ಲೈಫ್‌ಟೈಮ್ ನೂರು ಪಿಕೋಸೆಕೆಂಡಿಗಿಂತ ಕೆಳಗೆ ಇಳಿಯಬಹುದು, ನಿಮ್ಮ ಯಂತ್ರದ ವೇಗ ಅದನ್ನು ಹಿಡಿಯುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.

ಲೈಫ್‌ಟೈಮ್ ಯಂತ್ರ ಇಲ್ಲದಿದ್ದರೆ ಡೈಯನ್ನು ಲೋಹದಿಂದ ಬಿಡಿಸಿ ಎಣಿಸಿ. ಎರಡೂ ಬಗೆಯ ವೆಲ್‌ಗಳಿಗೆ ಪ್ರೋಟೀನ್ ಕತ್ತರಿಸುವ ಕಿಣ್ವ ಪ್ರೋಟಿನೇಸ್-ಕೆ ಹಾಕಿದರೆ ಆಂಟಿಬಾಡಿ ತುಂಡಾಗಿ ಡೈ ದ್ರಾವಣಕ್ಕೆ ಬರುತ್ತದೆ. ಆ ದ್ರಾವಣವನ್ನು ಬೇರೆ ಪ್ಲೇಟಿಗೆ ತೆಗೆದು ಅಳೆಯಿರಿ. ಹೋಲಿಕೆಯ ಸ್ಟ್ಯಾಂಡರ್ಡ್‌ಗೂ ಅದೇ ಆಂಟಿಬಾಡಿಯನ್ನು ಅದೇ ರೀತಿ ತುಂಡರಿಸಿರಬೇಕು, ಏಕೆಂದರೆ ಒತ್ತೊತ್ತಾಗಿ ಕೂತಿದ್ದ ಡೈಗಳು ಬಿಡಿಯಾದಾಗ ತಾವಾಗಿಯೇ ಹೆಚ್ಚು ಹೊಳೆಯುತ್ತವೆ. ಥಯಾಲ್ ಮೂಲಕ ಅಂಟಿಸಿದ್ದಾದರೆ ಡಿಟಿಟಿ ಸಾಕು. ಸೈ-5 ಡೈ ಇದ್ದಲ್ಲಿ ಟಿಸಿಇಪಿ ಎಂಬ ರಾಸಾಯನಿಕ ಬೇಡ, ಅದು ಡೈಯನ್ನೇ ಆರಿಸುತ್ತದೆ. ಲೋಹದ ವೆಲ್‌ನಿಂದ ಬಂದ ಡೈ ಗಾಜಿನದಕ್ಕಿಂತ ಎಷ್ಟು ಪಟ್ಟು ಹೆಚ್ಚೋ ಅಷ್ಟರಿಂದ ನಿಮ್ಮ ಏರಿಕೆಯನ್ನು ಭಾಗಿಸಿ. ಉಳಿದದ್ದು ಲೋಹದ ಕೊಡುಗೆ.

ಬಫರ್‌ನಲ್ಲಿ ಸರಿ, ಸೀರಂನಲ್ಲಿ ಕೆಟ್ಟಿತು

ಸೀರಂ (ರಕ್ತದ ತಿಳಿ ದ್ರವ) ಬಂದ ಕೂಡಲೇ ಅಲ್ಬುಮಿನ್ ಮತ್ತಿತರ ಪ್ರೋಟೀನ್‌ಗಳು ಖಾಲಿ ಲೋಹವನ್ನೆಲ್ಲ ಆಕ್ರಮಿಸುತ್ತವೆ. ಭೌತಿಕವಾಗಿ ಅಂಟಿದ್ದ ಆಂಟಿಬಾಡಿಯನ್ನು ಕಿತ್ತು ಆ ಜಾಗದಲ್ಲಿ ಕೂರಲೂಬಹುದು. ಹಾಗಾಗಿ ಸೀರಂ ಕೆಲಸಕ್ಕೆ ಆಂಟಿಬಾಡಿಯನ್ನು ರಾಸಾಯನಿಕ ಬಂಧದಿಂದಲೇ ಕೂರಿಸಿ. ಸೀರಂ ತಾನೇ ನೀಲಿ-ಹಸಿರಿನಲ್ಲಿ ಹೊಳೆಯುತ್ತದೆ. ಕೆಂಪುಕಣ ಒಡೆದ ಮಾದರಿಯಲ್ಲಿ ಹಿಮೋಗ್ಲೋಬಿನ್ 415ರ ಬಳಿಯೂ 540–580ರ ನಡುವೆಯೂ ಬೆಳಕು ನುಂಗುತ್ತದೆ. 650ರ ಆಚೆ ಕೆಲಸ ಮಾಡುವ ಡೈಗೆ ಬದಲಾಯಿಸಿದರೆ ಎರಡರಿಂದಲೂ ಬಿಡುಗಡೆ, ಆದರೆ ಆಗ ಲೋಹದ ಕಣವನ್ನೂ ಆ ಡೈಗೆ ಹೊಂದುವಂತೆ ಮತ್ತೆ ಆರಿಸಬೇಕು. ಡೈ ಬದಲಿಸಿ ಕಣ ಹಳೆಯದನ್ನೇ ಉಳಿಸಿದರೆ ಏರಿಕೆ ಬಹುತೇಕ ಕರಗಿಹೋಗುತ್ತದೆ.

ಆಂಟಿಜನ್ ಹೆಚ್ಚಿರುವ ಮಾದರಿಯಲ್ಲೇ ಸಿಗ್ನಲ್ ಇಳಿಯುತ್ತಿದ್ದರೆ ಲೋಹವನ್ನು ದೂರಬೇಡಿ. ಎರಡೂ ಆಂಟಿಬಾಡಿಗಳನ್ನು ಬೇರೆ ಬೇರೆ ಆಂಟಿಜನ್ ಅಣುಗಳು ತುಂಬಿಬಿಟ್ಟು ಸ್ಯಾಂಡ್‌ವಿಚ್ ಕೂಡಿಕೊಳ್ಳದ ಹುಕ್ ಪರಿಣಾಮ ಅದು. ಮಾದರಿಯನ್ನು 10 ಪಟ್ಟು, 100 ಪಟ್ಟು ತೆಳುವಾಗಿಸಿ ಓಡಿಸಿ. ತೆಳುವಾದಂತೆ ಬೆಳಕು ಏರಿದರೆ ಸ್ಟ್ಯಾಂಡರ್ಡ್ ಕರ್ವ್‌ನ ಮೇಲಿನ ತುದಿಯನ್ನು ಅಲ್ಲಿಗೇ ಕತ್ತರಿಸಿ.